ಮಾರ್ಟಿಗೆ ಕನ್ನಡ ಕಲಿಸಿದ ಹನ್ನೊಂದು ತಿಂಗಳು

ಮೊನ್ನೆ ಶನಿವಾರ ರಾತ್ರಿ ಹನ್ನೊಂದೂವರೆ. ನ್ಯೂಜೆರ್ಸಿಯ ಎಡಿಸನ್ ಹತ್ತಿರ ಒಂದು ಶಾಲೆಯ ಪಾರ್ಕಿಂಗ್ ಜಾಗ. ಥರ್ಮಕೋಲಿನಲ್ಲಿ ಮಾಡಿದ ಕುರಿ ತೊಡೆಯೊಂದನ್ನು ಕಾರಿನ ಡಿಕ್ಕಿಗೆ ತುರುಕುತ್ತಿದ್ದೆ. ಎಷ್ಟು ತಿರುಗಿಸಿದರೂ ಹಿಡಿಸುತ್ತಿರಲಿಲ್ಲ. ಹಿಂದಿನಿಂದ ಒಬ್ಬ ಅಜ್ಜಿ ಬಂದು, "ಏನಪ್ಪಾ, ಆ ಕ್ಯಾಥರೀನ್ ಆಮೇಲೆ ಏನಾದ್ಲು? ತಂಗಿ ಮನೇಲೇ ಉಳಿದ್ಲಾ?" ಅಂತ ಕೇಳಿದರು. ನಾಟಕದ ನಾಯಕನ ಬಗ್ಗೆ ಒಂದು ಮಾತೂ ಇಲ್ಲ!

'ಮಾರ್ಟಿ' ಅನ್ನುವ ಈ ಐವತ್ತು ನಿಮಿಷದ ಅಮೆರಿಕದ ನಾಟಕವನ್ನು ಕನ್ನಡದಲ್ಲಿ ಆಡಿಸೋಕೆ ನಮಗೆ ಹನ್ನೊಂದು ತಿಂಗಳು ಹಿಡಿಯಿತು. ಅದರಲ್ಲಿ ತಾಲೀಮು ಬರೀ ಏಳು ವಾರ. ಉಳಿದದ್ದೆಲ್ಲ ಕಾಗದ, ಇಮೇಲ್, ಕಾಯುವುದು. ಬೇರೆ ಭಾಷೆಯ ನಾಟಕವೊಂದನ್ನು ಕನ್ನಡಕ್ಕೆ ತಂದು ಆಡಬೇಕು ಅಂತ ಹೊರಟಿದ್ದರೆ ಇದನ್ನು ಓದಿ. ನಾನು ಬಿದ್ದ ಹಳ್ಳಕ್ಕೇ ನೀವೂ ಬೀಳೋದು ಬೇಡ.

ಶುರುವಾಗಿದ್ದು ಜನವರಿಯಲ್ಲಿ. ಹಿಮ ಬಿದ್ದು ಮೂರು ದಿನ ಮನೆಯಲ್ಲೇ ಕೂತಿದ್ದೆವು. ಊರಿನ ಲೈಬ್ರರಿಯಿಂದ ತಂದ ಡಿವಿಡಿ ಸೆಟ್ ಒಂದಿತ್ತು. 1950ರ ದಶಕದ ಅಮೆರಿಕದ ಟೀವಿ ನಾಟಕಗಳು. ಅದರಲ್ಲಿ 'ಮಾರ್ಟಿ' ಹಾಕಿದೆ. ಬರೆದವರು ಪ್ಯಾಡಿ ಚಯೆಫ್‌ಸ್ಕಿ. ನಿರ್ದೇಶಕ ಡೆಲ್ಬರ್ಟ್ ಮಾನ್. ಎನ್‌ಬಿಸಿ ಚಾನೆಲ್‌ನಲ್ಲಿ 1953ರ ಮೇ 24ರ ಭಾನುವಾರ ರಾತ್ರಿ ನೇರವಾಗಿ ಪ್ರಸಾರವಾಗಿತ್ತು. ನೇರ ಅಂದರೆ ನಿಜವಾಗಿಯೂ ನೇರ. ನಟರು ಸ್ಟುಡಿಯೊದಲ್ಲಿ ಆಡುತ್ತಿದ್ದ ಹಾಗೆಯೇ ಮನೆಮನೆಯ ಟೀವಿಗೆ ಹೋಗುತ್ತಿತ್ತು. ವಿಡಿಯೊ ಟೇಪ್ ಬಂದಿದ್ದೇ 1956ರಲ್ಲಿ. ಈಗ ಉಳಿದಿರುವುದು ಟೀವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ಪ್ರತಿ. ಕಿನೆಸ್ಕೋಪ್ ಅಂತಾರೆ. ಚಿತ್ರ ಮಸುಕು ಮಸುಕು.

ಕಥೆ ಎಷ್ಟು ಚಿಕ್ಕದು ಅಂದರೆ ಹೇಳೋಕೇ ನಾಚಿಕೆಯಾಗುತ್ತೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಇಟಾಲಿಯನ್ ಮೂಲದ ಮಾರ್ಟಿ ಅನ್ನುವವನು ಮಾಂಸದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ವಯಸ್ಸು ಮೂವತ್ತಾರು, ಮೈ ದಪ್ಪ, ಮದುವೆಯಾಗಿಲ್ಲ. ತಮ್ಮನಿಗೆ ಮದುವೆಯಾಯಿತು. ಅಂಗಡಿಗೆ ಬಂದ ಹೆಂಗಸರೆಲ್ಲ ಮಾಂಸ ತೂಗಿಸಿಕೊಳ್ಳುತ್ತಾ "ನಿಂದು ಯಾವಾಗ? ನಾಚಿಕೆ ಆಗಲ್ವಾ?" ಅಂತಾರೆ. ಅಮ್ಮನ ಒತ್ತಾಯಕ್ಕೆ ಶನಿವಾರ ರಾತ್ರಿ ಡಾನ್ಸ್ ಹಾಲಿಗೆ ಹೋಗುತ್ತಾನೆ. ಅಲ್ಲಿ ಒಬ್ಬ ಟೀಚರಮ್ಮ. ಜೊತೆಗೆ ಬಂದವನು ಅವಳನ್ನು ಅಲ್ಲೇ ಬಿಟ್ಟು ಹೋಗಿದ್ದಾನೆ. ಇಬ್ಬರೂ ಮಾತಾಡುತ್ತಾರೆ. ಮಾರನೆಯ ದಿನ ಫೋನ್ ಮಾಡಬೇಕು. ಗೆಳೆಯರು, ಅಮ್ಮ ಎಲ್ಲರೂ ಅವಳು ಬೇಡ ಅಂತಾರೆ. ಕೊನೆಗೆ ಫೋನ್ ಮಾಡುತ್ತಾನೆ. ಅಷ್ಟೇ.

ಡಿವಿಡಿ ಮುಗಿದ ಮೇಲೆ ನನ್ನ ಹೆಂಡತಿ, "ಇದು ನಮ್ಮ ಅರಸೀಕೆರೆ ಚಿಕ್ಕಮಾವನ ಕಥೆ ಅಲ್ವಾ?" ಅಂದಳು. ಅಲ್ಲಿಗೆ ನನಗೆ ಹುಳ ಹೊಕ್ಕಿತು. ನವೆಂಬರ್‌ನಲ್ಲಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವ. ಅಲ್ಲಿ ಇದನ್ನು ಆಡಲೇಬೇಕು.

ಮೊದಲ ತಪ್ಪು ಅವತ್ತೇ ಮಾಡಿದೆ. ಯಾರನ್ನೂ ಕೇಳದೆ ಬರೆಯೋಕೆ ಕೂತೆ. ಮಾರ್ಟಿಯನ್ನು ಮರಿಯಪ್ಪ ಮಾಡಿದೆ. ಬ್ರಾಂಕ್ಸನ್ನು ಶಿವಾಜಿನಗರ ಮಾಡಿದೆ. ಡಾನ್ಸ್ ಹಾಲಿಗೆ ಏನು ಮಾಡೋದು ಅಂತ ತಲೆ ಕೆಡಿಸಿಕೊಂಡು ಕೊನೆಗೆ ವಧು-ವರರ ಸಮಾವೇಶ ಮಾಡಿದೆ. ಆರು ವಾರ ದಿನಾ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಬರೆದೆ. ಮಾರ್ಚ್ ಮೊದಲ ವಾರ ಮುಗಿಯಿತು. ಆಮೇಲೆ ಬುದ್ಧಿ ಬಂದು ಹಕ್ಕಿನ ವಿಚಾರಕ್ಕೆ ಕೈ ಹಾಕಿದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮಲ್ಲಿ ಅನೇಕರಿಗೆ ಇದು ಗೊತ್ತಿಲ್ಲ. "ಎಪ್ಪತ್ತು ವರ್ಷದ ಹಳೇ ನಾಟಕ, ಈಗ ಯಾರು ಕೇಳ್ತಾರೆ?" ಅಂತ ಕೂಟದಲ್ಲೇ ನಾಲ್ಕು ಜನ ಹೇಳಿದರು. ಕೇಳ್ತಾರೆ. ನಾಟಕದ ಪಠ್ಯ ಪುಸ್ತಕವಾಗಿ ಬಂದಿದ್ದು 1955ರಲ್ಲಿ. ಅಮೆರಿಕದಲ್ಲಿ ಆ ಕಾಲದ ಪುಸ್ತಕಗಳ ಹಕ್ಕನ್ನು ಸಕಾಲಕ್ಕೆ ನವೀಕರಿಸಿದ್ದರೆ ಅದು ಪ್ರಕಟವಾದಾಗಿನಿಂದ 95 ವರ್ಷ ನಡೆಯುತ್ತೆ. ಅಂದರೆ 2050ರ ಕೊನೆಯವರೆಗೆ. ಭಾರತದಲ್ಲಿ ಲೆಕ್ಕ ಬೇರೆ. ಅಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಚಯೆಫ್‌ಸ್ಕಿ ತೀರಿಕೊಂಡಿದ್ದು 1981ರಲ್ಲಿ. ಬೆಂಗಳೂರಿನಲ್ಲಿ ಆಡುವವರಿಗೂ 2041 ಮುಗಿಯುವ ತನಕ ಅನುಮತಿ ಬೇಕು. ಇಲ್ಲಿ ಅಮೆರಿಕದಲ್ಲಂತೂ ಟಿಕೆಟ್ ಇಲ್ಲದೆ ಸುಮ್ನೆ ಆಡ್ತೀವಿ ಅಂದರೂ ಬೇಕು.

ಹಕ್ಕು ಕೊಡುವ ಕಚೇರಿಯ ಹೆಸರು ಬರೆಯುವುದಿಲ್ಲ. ಅವರದೂ ತಪ್ಪು ಅನ್ನೋಕಾಗಲ್ಲ, ನಮ್ಮದೇ ವಿಚಿತ್ರ ಕೇಸು. ಆನ್‌ಲೈನ್ ಫಾರಂ ತುಂಬಿದೆ. ಹಾಲಿನಲ್ಲಿ ಎಷ್ಟು ಸೀಟು, ಎಷ್ಟು ಆಟ, ಟಿಕೆಟ್ ಬೆಲೆ ಎಷ್ಟು, ನಟರಿಗೆ ಸಂಬಳ ಉಂಟಾ, ಎಲ್ಲ ಕೇಳುತ್ತೆ. ಕೊನೆಯಲ್ಲಿ ಒಂದು ಪ್ರಶ್ನೆ: ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಆಡುತ್ತೀರಾ? "ಹೌದು" ಅಂತ ಒತ್ತಿದೆ. ಅಲ್ಲಿಗೆ ನಮ್ಮ ಅರ್ಜಿ ಹೆದ್ದಾರಿ ಬಿಟ್ಟು ಮಣ್ಣು ರಸ್ತೆಗೆ ಇಳಿಯಿತು.

ಐದು ವಾರ ಸುದ್ದಿಯೇ ಇಲ್ಲ. ಏಪ್ರಿಲ್‌ನಲ್ಲಿ ಉತ್ತರ ಬಂತು. ನಾಟಕ ಆಡುವ ಅನುಮತಿ ಬೇರೆ, ಅನುವಾದದ ಅನುಮತಿ ಬೇರೆ. ಎರಡನೆಯದನ್ನು ಲೇಖಕರ ಕಡೆಯವರೇ ಒಪ್ಪಬೇಕು. ಇದಕ್ಕೆ ಕೇಳಿದ ಕಾಗದಗಳು: ಕೂಟ ಲಾಭಕ್ಕಾಗಿ ನಡೆಯುವುದಲ್ಲ ಅನ್ನುವುದಕ್ಕೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಕೊಟ್ಟ 501(ಸಿ)(3) ಪತ್ರ, ಅನುವಾದಕನ ಪರಿಚಯ, ಅನುವಾದದ ಹತ್ತು ಪುಟ, ಆ ಹತ್ತು ಪುಟವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿದ ಪ್ರತಿ. ನಮ್ಮ ಖಜಾಂಚಿ ಐಆರ್‌ಎಸ್ ಪತ್ರ ಹುಡುಕೋಕೆ ಹನ್ನೆರಡು ದಿನ ತೆಗೆದುಕೊಂಡರು. ಹಳೆಯ ಅಧ್ಯಕ್ಷರ ಗ್ಯಾರೇಜಿನಲ್ಲಿ, ಗಣೇಶನ ಹಬ್ಬದ ಮಂಟಪದ ಡಬ್ಬದ ಕೆಳಗೆ ಸಿಕ್ಕಿತು. ದಯವಿಟ್ಟು ನಿಮ್ಮ ಕೂಟದ ಪತ್ರವನ್ನು ಇವತ್ತೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಹತ್ತು ಪುಟ ಕಳಿಸಿದೆ. ಮರಿಯಪ್ಪ, ಶಿವಾಜಿನಗರ ಸಮೇತ. ಎರಡೇ ದಿನದಲ್ಲಿ ಉತ್ತರ! ಇದು ಅನುವಾದವಲ್ಲ, ರೂಪಾಂತರ. ರೂಪಾಂತರಕ್ಕೆ ಅನುಮತಿ ಕೊಡುವುದಿಲ್ಲ. ಹೆಸರು, ಊರು, ಕಾಲ ಯಾವುದೂ ಬದಲಾಗಕೂಡದು.

ಅವತ್ತು ರಾತ್ರಿ ಊಟ ಸೇರಲಿಲ್ಲ. ಆರು ವಾರದ ಕೆಲಸ ಹೊಳೆಗೆ ಹೋಯಿತು. ಬಿಟ್ಟುಬಿಡೋಣ, ಯಾವುದಾದರೂ ಹಾಸ್ಯ ನಾಟಕ ಹಾಕೋಣ ಅಂತಲೂ ಅನ್ನಿಸಿತು. ಹೆಂಡತಿ ಹೇಳಿದ ಮಾತು ನೆನಪಿದೆ: "ಬ್ರಾಂಕ್ಸ್ ಇಲ್ಲಿಂದ ಒಂದೂವರೆ ಗಂಟೆ. ಅದನ್ಯಾಕೆ ಶಿವಾಜಿನಗರಕ್ಕೆ ಹೊತ್ಕೊಂಡು ಹೋಗ್ತೀರಾ?"

ಹಾಗಾಗಿ ಮೇ ತಿಂಗಳ ಒಂದು ಶನಿವಾರ ಬ್ರಾಂಕ್ಸ್‌ಗೆ ಹೋದೆ. ಮಾರ್ಟಿ ಪಾತ್ರಕ್ಕೆ ಗೊತ್ತು ಮಾಡಿದ್ದ ಗೆಳೆಯನೂ ಜೊತೆಗಿದ್ದ. ಅವನು ಹುಟ್ಟಾ ಸಸ್ಯಾಹಾರಿ. ಎಡಿಸನ್‌ನಿಂದ ರೈಲಿನಲ್ಲಿ ಪೆನ್ ಸ್ಟೇಷನ್, ಒಂದು ಬೀದಿ ನಡೆದು ಹೆರಾಲ್ಡ್ ಸ್ಕ್ವೇರ್‌ನಲ್ಲಿ ಡಿ ಟ್ರೇನ್, ಫೋರ್ಡಮ್ ರೋಡ್‌ನಲ್ಲಿ ಇಳಿದು ಇಪ್ಪತ್ತು ನಿಮಿಷ ನಡಿಗೆ. ಆರ್ಥರ್ ಅವೆನ್ಯೂ ಬರುತ್ತೆ. ಇಟಾಲಿಯನ್ನರ ಹಳೇ ಬೀದಿ. ರಸ್ತೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿದ್ದವರಿಗಾಗಿ ಆಗಿನ ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯಾ 1940ರಲ್ಲಿ ಕಟ್ಟಿಸಿಕೊಟ್ಟ ಮಾರುಕಟ್ಟೆ ಈಗಲೂ ನಡೆಯುತ್ತಿದೆ. ನಾಟಕ ಮುಂದೆ ಸಿನಿಮಾ ಆದಾಗ ಇದೇ ಬೀದಿಯಲ್ಲಿ ಚಿತ್ರೀಕರಣ ಮಾಡಿದ್ದರು.

ಒಂದು ಮಾಂಸದ ಅಂಗಡಿಯ ಬಾಗಿಲಲ್ಲಿ ನಿಂತೆವು. ಗೆಳೆಯ ಮೊದಲು ಮೂಗಿಗೆ ಕರವಸ್ತ್ರ ಹಿಡಿದ. ಆಮೇಲೆ ನಿಧಾನಕ್ಕೆ ತೆಗೆದ. ಒಳಗೆ ಐವತ್ತರ ಒಬ್ಬ ಮನುಷ್ಯ ಕೆಲಸ ಮಾಡುತ್ತಿದ್ದ. ನಾವು ಅಂದುಕೊಂಡ ಹಾಗೆ ಕತ್ತಿ ಎತ್ತಿ ಕಚಕ್ ಅಂತ ಹೊಡೆಯುವುದೆಲ್ಲ ಇಲ್ಲ. ಚಿಕ್ಕ ಚಾಕು. ಮೂಳೆಯ ಪಕ್ಕದಲ್ಲೇ ಅದು ಸದ್ದಿಲ್ಲದೆ ಜಾರುತ್ತಿತ್ತು. ಕತ್ತರಿಸಿ ಆದ ಮೇಲೆ ಮಾಂಸವನ್ನು ಕಾಗದದಲ್ಲಿ ಸುತ್ತಿ, ಮೇಲಿನ ಕೊಕ್ಕೆಯಿಂದ ದಾರ ಎಳೆದು ಕಟ್ಟಿ, ಬೆರಳಿಗೆ ಒಂದು ಸುತ್ತು ಹಾಕಿ ಪಟ್ಟನೆ ಹರಿದ. ಗಿರಾಕಿಯ ಕಡೆ ತಿರುಗುವ ಮೊದಲು ಪ್ರತಿ ಸಲವೂ ಏಪ್ರನ್ನಿನ ಎಡ ಅಂಚಿಗೆ ಕೈ ಒರೆಸಿಕೊಳ್ಳುತ್ತಿದ್ದ. ಒಂದೇ ಜಾಗಕ್ಕೆ. ಏಪ್ರನ್ ಉಳಿದೆಡೆ ಬೆಳ್ಳಗೆ, ಆ ಅಂಚು ಮಾತ್ರ ಕಂದು. ನಮ್ಮ ಗೆಳೆಯ ವಾಪಸ್ ಬರುವಾಗ ರೈಲಿನಲ್ಲಿ ಕೂತು ತನ್ನ ಜಾಕೆಟ್ಟಿನ ಎಡ ಅಂಚಿಗೆ ಕೈ ಒರೆಸಿಕೊಳ್ಳುವುದನ್ನು ಅಭ್ಯಾಸ ಮಾಡಿದ. ಎದುರು ಸೀಟಿನವರು ಎದ್ದು ಬೇರೆ ಕಡೆ ಹೋದರು.

ನಾನು ಲಿಂಕನ್ ಸೆಂಟರಿನಲ್ಲಿರುವ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ರಂಗಕಲೆ ವಿಭಾಗಕ್ಕೂ ಒಮ್ಮೆ ಹೋದೆ. ಚಯೆಫ್‌ಸ್ಕಿಯ ಕಾಗದಪತ್ರ ಅಲ್ಲಿವೆ. ಮೊದಲೇ ಬುಕ್ ಮಾಡಬೇಕು, ಚೀಲ ಹೊರಗೆ ಇಡಬೇಕು, ಪೆನ್ಸಿಲ್ ಮಾತ್ರ ಬಿಡುತ್ತಾರೆ. ಸತ್ಯ ಹೇಳಬೇಕು ಅಂದರೆ ಅದು ನನ್ನ ಹುಚ್ಚಿಗೆ, ನಾಟಕಕ್ಕೇನೂ ಬೇಕಿರಲಿಲ್ಲ. ನಿಮಗೆ ಪುಸ್ತಕ, ಡಿವಿಡಿ ಸಾಕು.

ಈ ನಾಟಕ ಯಾಕೆ ಗೆದ್ದಿತು ಅನ್ನೋದು ಆ ದಿನಗಳಲ್ಲಿ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಚಯೆಫ್‌ಸ್ಕಿಯ ಬೇರೊಂದು ನಾಟಕದ ತಾಲೀಮು ನ್ಯೂಯಾರ್ಕಿನ ಒಂದು ಹೋಟೆಲಿನ ಹಾಲಿನಲ್ಲಿ ನಡೆಯುತ್ತಿತ್ತಂತೆ. ಅದೇ ಹಾಲಿನಲ್ಲಿ ಒಂಟಿ ಗಂಡಸರು ಹೆಂಗಸರು ಸೇರುವ ಡಾನ್ಸ್ ಕೂಡ ಆಗುತ್ತಿತ್ತು. ಗೋಡೆಯ ಮೇಲೊಂದು ಬೋರ್ಡು: ಹುಡುಗಿಯರೇ, ಕರೆದವರ ಜೊತೆ ಕುಣಿಯಿರಿ, ಗಂಡಸರಿಗೂ ಮನಸ್ಸಿರುತ್ತೆ ಅನ್ನುವ ಅರ್ಥದ್ದು. ಚಯೆಫ್‌ಸ್ಕಿ ಅದನ್ನು ಓದಿದ್ದೇ ನಾಟಕದ ಬೀಜ. ಮೊದಲು 'ಲವ್ ಸ್ಟೋರಿ' ಅಂತ ಹೆಸರಿಟ್ಟಿದ್ದರು. ಚಾನೆಲ್‌ನವರಿಗೆ ಹಿಡಿಸಲಿಲ್ಲ, 'ಮಾರ್ಟಿ' ಆಯಿತು. ರಾಡ್ ಸ್ಟೀಗರ್, ನ್ಯಾನ್ಸಿ ಮಾರ್ಚಂಡ್ ಆಡಿದರು. ಭಾನುವಾರದ ಇನ್ನೊಂದು ನಾಟಕ, ಮುಂದಿನ ವಾರ ಮತ್ತೊಂದು ಅನ್ನುವ ಲೆಕ್ಕ. ಆದರೆ ಜನ ಇದನ್ನು ಮರೆಯಲಿಲ್ಲ. 1955ರಲ್ಲಿ ಸಿನಿಮಾ ಬಂತು. ಖರ್ಚು ಸುಮಾರು ಮೂರೂವರೆ ಲಕ್ಷ ಡಾಲರ್, ಹಾಲಿವುಡ್ ಲೆಕ್ಕಕ್ಕೆ ಚಿಲ್ಲರೆ ಕಾಸು. ಅದುವರೆಗೆ ಕೆಟ್ಟವನ ಪಾತ್ರಗಳಿಗೇ ಹೆಸರಾಗಿದ್ದ ಅರ್ನೆಸ್ಟ್ ಬೋರ್ಗ್ನೈನ್ ನಾಯಕ. ಅದಕ್ಕೆ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅಲ್ಲಿಯ ದೊಡ್ಡ ಪ್ರಶಸ್ತಿ ಪಾಮ್ ಡಿ'ಓರ್, ಆಮೇಲೆ ನಾಲ್ಕು ಆಸ್ಕರ್. ಶ್ರೇಷ್ಠ ಚಿತ್ರ, ನಿರ್ದೇಶನ, ನಟ, ಚಿತ್ರಕಥೆ. ಟೀವಿ ನಾಟಕದಿಂದ ಹುಟ್ಟಿ ಶ್ರೇಷ್ಠ ಚಿತ್ರದ ಆಸ್ಕರ್ ಪಡೆದ ಮೊದಲ ಸಿನಿಮಾ ಅದು. ಸುಂದರರಲ್ಲದವರ ಪ್ರೀತಿ ಅಂತ ಎಲ್ಲರೂ ಕಾರಣ ಕೊಡುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಜೂನ್, ಜುಲೈ ಹೊಸದಾಗಿ ಅನುವಾದ. ಈ ಸಲ ಬ್ರಾಂಕ್ಸ್ ಬ್ರಾಂಕ್ಸೇ, ಮಾರ್ಟಿ ಮಾರ್ಟಿಯೇ. ಕಷ್ಟ ಮೊದಲ ಸಾಲಿನಲ್ಲೇ. ಅವನ ಕಸುಬಿಗೆ ಏನು ಹೇಳೋದು? ಕಟುಕ ಅಂದರೆ ಕನ್ನಡದಲ್ಲಿ ಕಲ್ಲೆದೆಯವನು ಅಂತಲೂ ಅರ್ಥ. ಮಾರ್ಟಿಯಷ್ಟು ಮೆತ್ತಗಿನವನು ಇನ್ನೊಬ್ಬನಿಲ್ಲ. "ಮಟನ್ ಅಂಗಡಿ ಮಾರ್ಟಿ" ಅಂತ ಮಾಡಿದೆ. ಅವನ ಗೆಳೆಯರು ಚೆನ್ನಾಗಿಲ್ಲದ ಹುಡುಗಿಗೆ "ನಾಯಿ" ಅಂತಾರೆ. ನಮ್ಮಲ್ಲಿ ಅದು ಬೈಗುಳ ಆಗುತ್ತೆ, ರೂಪದ ಮಾತಾಗಲ್ಲ. "ನೋಡೋಕೆ ಏನೈತೋ ಅವಳತ್ರ?" ಅಂತ ಹಾಕಿದೆ. ಅದು ನಾಯಿಗಿಂತ ಜಾಸ್ತಿ ಚುಚ್ಚಿತು. ಡಾನ್ಸ್ ಹಾಲಿನ ತುಂಬ "ಟೊಮ್ಯಾಟೊ" ಇದ್ದಾವಂತೆ ಅಂತ ಮಾರ್ಟಿಯ ಅಮ್ಮ ಹೇಳುವ ಜಾಗ ಇದೆ. ಯಾರೋ ಹೇಳಿದ ಪೋಲಿ ಮಾತನ್ನು ಅರ್ಥ ಗೊತ್ತಿಲ್ಲದೆ ಒಪ್ಪಿಸುತ್ತಾಳೆ. ಕನ್ನಡದಲ್ಲಿ ಆ ಅಮ್ಮ, "ಹೋಗೋ ಮಗಾ, ಅಲ್ಲಿ ಬರೀ ಫಿಗರ್‌ಗಳಂತೆ" ಅಂದಳು. ಆ ಪಾತ್ರ ಮಾಡಿದ ಆಂಟಿಗೆ ಅರವತ್ತೆಂಟು. ಮೂರು ತಾಲೀಮಿನವರೆಗೆ ಆ ಪದ ಅವರ ಬಾಯಿಂದ ಬರಲೇ ಇಲ್ಲ.

ಎಲ್ಲಕ್ಕಿಂತ ಕಾಡಿದ್ದು ಮಾರ್ಟಿ ಮತ್ತು ಗೆಳೆಯ ಆಂಜಿ ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆ. ಇವತ್ತು ರಾತ್ರಿ ಏನು ಮಾಡೋಣ ಅಂತ ಇವನು, ಗೊತ್ತಿಲ್ಲ ನೀನೇ ಹೇಳು ಅಂತ ಅವನು. ಆಗ ಅಮೆರಿಕದಲ್ಲೆಲ್ಲ ಬಾಯಿಮಾತಾದ ಸಾಲು. ಹನ್ನೊಂದು ಥರ ಬರೆದೆ. ಕೊನೆಗೆ ಉಳಿದಿದ್ದು: "ಏನಪ್ಪಾ ಮತ್ತೆ?" "ಏನಿಲ್ಲಪ್ಪಾ. ನೀನೇ ಹೇಳು." ಅಷ್ಟೇ ಸಾಕಾಯಿತು.

ಆಗಸ್ಟ್ ಕೊನೆಗೆ ಅನುಮತಿ ಬಂತು. ಷರತ್ತುಗಳನ್ನು ಎರಡು ಸಲ ಓದಿ. ಅನುವಾದದ ಹಕ್ಕು ನಿಮ್ಮದಲ್ಲ, ಅವರದು. ನೀವು ಅದನ್ನು ಪುಸ್ತಕ ಮಾಡೋ ಹಾಗಿಲ್ಲ. ವಿಡಿಯೊ ತೆಗೆಯೋ ಹಾಗಿಲ್ಲ, ಊರಲ್ಲಿರೋ ಅಮ್ಮನಿಗೆ ಲೈವ್ ತೋರಿಸೋ ಹಾಗೂ ಇಲ್ಲ. ಪೋಸ್ಟರಿನಲ್ಲಿ ಲೇಖಕರ ಹೆಸರು ಎಷ್ಟು ದೊಡ್ಡದಿರಬೇಕು ಅಂತಲೂ ಬರೆದಿರುತ್ತೆ. ಒಂದು ಆಟಕ್ಕೆ ನಾವು ಕಟ್ಟಿದ್ದು 175 ಡಾಲರ್. ಬೇರೆ ನಾಟಕಕ್ಕೆ ಬೇರೆ ಲೆಕ್ಕ ಇರಬಹುದು.

ದುಡ್ಡು ಕರಗಿದ್ದು ಅಲ್ಲಲ್ಲ, ಹಾಲಿನಲ್ಲಿ. ಶಾಲೆಯ ಆಡಿಟೋರಿಯಂಗೆ ಹತ್ತು ಲಕ್ಷ ಡಾಲರಿನ ವಿಮೆ ಪತ್ರ ಬೇಕು, ಅದರಲ್ಲಿ ಶಾಲಾ ಮಂಡಳಿಯ ಹೆಸರೂ ಇರಬೇಕು. ಒಂದು ದಿನದ ಆ ವಿಮೆಗೆ 140 ಡಾಲರ್. ಶನಿವಾರವಾದ್ದರಿಂದ ಬಾಗಿಲು ತೆಗೆದು ಮುಚ್ಚುವ ಕಸ್ಟೋಡಿಯನ್‌ಗೆ ಗಂಟೆ ಲೆಕ್ಕದಲ್ಲಿ ಓವರ್‌ಟೈಮ್, ಅದೂ ಕನಿಷ್ಠ ನಾಲ್ಕು ಗಂಟೆ. ವೇದಿಕೆಗೆ ತರುವ ಬಟ್ಟೆಯ ಪರದೆಗೆ ಬೆಂಕಿ ಹತ್ತದ ಪ್ರಮಾಣಪತ್ರ. ನಮ್ಮ ಪರದೆ ಹಳೇ ರೇಷ್ಮೆ ಸೀರೆಗಳದ್ದು. ಅದಕ್ಕೆಲ್ಲಿಂದ ಪ್ರಮಾಣಪತ್ರ ತರೋಣ? ಪರದೆ ಬಿಟ್ಟೆವು. ಮೂರು ಕುರ್ಚಿ, ಒಂದು ಮೇಜು, ಒಂದು ಫೋನ್, ಥರ್ಮಕೋಲಿನ ಮಾಂಸ. ಒಟ್ಟು ಖರ್ಚು 1,300 ಡಾಲರ್ ದಾಟಿತು.

ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮನ್ನು ಫ್ಯೂಷನ್ ಡಾನ್ಸಿಗೂ ಊಟಕ್ಕೂ ನಡುವೆ ಹಾಕಿದ್ದರು. ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಬಿಸಿಬೇಳೆಬಾತಿನ ವಾಸನೆ ಹಾಲಿಗೇ ಬರುತ್ತಿತ್ತು. ಯಾರೂ ಕೂರಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೆ.

ಅಂಗಡಿಯ ದೃಶ್ಯಕ್ಕೆ ನಗು ಬಂತು. ಫಿಗರ್‌ಗೆ ಹಾಲೇ ಬಿದ್ದು ನಕ್ಕಿತು. ಡಾನ್ಸ್ ಹಾಲಿನ ಪ್ರೀತಿಯ ದೃಶ್ಯಕ್ಕೆ, ನಾವು ಮೂರು ವಾರ ತಿಕ್ಕಿದ್ದಕ್ಕೆ, ಕೆಮ್ಮು, ಮೊಬೈಲ್ ಬೆಳಕು. ಆಮೇಲೆ ಮಾರ್ಟಿಯ ದೊಡ್ಡಮ್ಮ ಕ್ಯಾಥರೀನ್ ಬಂದಳು. ಐವತ್ತಾರರ ವಿಧವೆ. ಮಗನ ಮನೆಯಲ್ಲಿದ್ದಾಳೆ. ಸೊಸೆಗೆ ಇವಳ ಜೊತೆ ಆಗಲ್ಲ. ಮಗ ಬಾಯಿಬಿಟ್ಟು ಹೇಳಲಾರ. ಕೊನೆಗೆ ತಂಗಿಯ ಮನೆಗೆ, ಅಂದರೆ ಮಾರ್ಟಿಯ ಮನೆಗೆ, ಕಳಿಸುತ್ತಾರೆ. ಅವಳು ತಂಗಿಯ ಹತ್ತಿರ ಕೂತು, ಅಡುಗೆ ಮಾಡೋಕೂ ಬಿಡಲ್ಲ, ಮನೆ ಒರೆಸೋಕೂ ಬಿಡಲ್ಲ, ನನ್ನ ಕೈಗೇನು ಕೆಲಸ ಅನ್ನುವ ಅರ್ಥದ ಮಾತಾಡುತ್ತಾಳೆ.

ಮುಂದಿನ ಎರಡು ಸಾಲಿನಲ್ಲಿ ಕೂತವರು ಯಾರು ಗೊತ್ತಾ? ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದ ಅಪ್ಪ-ಅಮ್ಮಂದಿರು. ಕಾರು ಓಡಿಸೋಕೆ ಬರಲ್ಲ, ಹೊರಗೆ ಚಳಿ, ಒಳಗೆ ಸೊಸೆಯ ಅಡುಗೆಮನೆ. ಹಾಲಿನಲ್ಲಿ ಸದ್ದೇ ಇಲ್ಲ. ಸೈಡ್ ವಿಂಗಿನಲ್ಲಿ ನಿಂತು ನೋಡಿದೆ. ಒಬ್ಬರು ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಪಕ್ಕದಲ್ಲಿ ಅವರ ಮಗ ನೆಟ್ಟಗೆ ಮುಂದೆ ನೋಡುತ್ತಾ ಕೂತಿದ್ದ, ಆ ಕಡೆ ತಿರುಗಲೇ ಇಲ್ಲ. ಎಪ್ಪತ್ತು ವರ್ಷದ ಹಿಂದಿನ ಪ್ರೇಮಕಥೆ ಅಂತ ನಾನು ತಂದಿದ್ದೆ. ಅವರು ನೋಡಿದ್ದು ಬೇರೆಯದನ್ನು.

ಕೊನೆಗೆ ಮಾರ್ಟಿ ಫೋನಿಗೆ ಕೈ ಹಾಕಿ, ಆಂಜಿಯ ಕಡೆ ತಿರುಗಿ "ನಿಂದು ಯಾವಾಗ? ನಾಚಿಕೆ ಆಗಲ್ವಾ?" ಅಂದಾಗ ಚಪ್ಪಾಳೆ. ಊಟಕ್ಕೆ ಹತ್ತು ನಿಮಿಷ ತಡವಾಯಿತು, ಯಾರೂ ಗೊಣಗಲಿಲ್ಲ. ಊಟದ ಸಾಲಿನಲ್ಲಿ ಅತ್ತೆ ಸರಿಯೋ ಸೊಸೆ ಸರಿಯೋ ಅಂತ ಜಗಳವೇ ನಡೆಯಿತು. ಫ್ಯೂಷನ್ ಡಾನ್ಸಿನವರ ಬಗ್ಗೆ ಯಾರೂ ಮಾತಾಡಲಿಲ್ಲ ಅಂತ ಅವರಿಗೆ ಬೇಸರವಾಗಿದೆ. ನಮ್ಮ ತಪ್ಪಲ್ಲ.

ಭಾನುವಾರ ಬೆಳಿಗ್ಗೆ ಪೆನ್ಸಿಲ್ವೇನಿಯಾ ಕಡೆಯ ಒಂದು ಕೂಟದಿಂದ ಫೋನ್: ಯುಗಾದಿಗೆ ನಮ್ಮಲ್ಲೂ ಆಡಿ. ಬರ್ತೀವಿ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅನುಮತಿ ಒಂದೇ ಆಟಕ್ಕೆ, ಒಂದೇ ಹಾಲಿಗೆ. ಎರಡನೆಯದಕ್ಕೆ ಹೊಸ ಅರ್ಜಿ, ಹೊಸ ಶುಲ್ಕ. ಮೊದಲ ಸಲವೇ "ಎರಡು ಆಟ" ಅಂತ ಬರೆದಿದ್ದರೆ ಇದು ಉಳಿಯುತ್ತಿತ್ತು. ನೀವು ಬರೆಯುವಾಗ ನೆನಪಿಡಿ.

ನಿನ್ನೆ ರಾತ್ರಿ ಫಾರಂ ತುಂಬಿದೆ. ಸೀಟು 220, ಆಟ 1, ಬೇರೆ ಭಾಷೆ ಹೌದು. ಥರ್ಮಕೋಲಿನ ತೊಡೆ ಇನ್ನೂ ಡಿಕ್ಕಿಯಲ್ಲೇ ಇದೆ.